ವೇದೇಹಿಕೆಯ ಅಗುಳಿ ಮತ್ತು ನಮ್ಮ ಹಿತ್ತಿಲಿನ ಈಜುಕೊಳ



ಇವತ್ತಿನ ಧಮ್ಮ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ಭಾನುವಾರ ಬಳಗದಲ್ಲಿ ಖಂತಿಯ ಬಗ್ಗೆ, ಅಂದರೆ ತಾಳ್ಮೆಯ ಬಗ್ಗೆ, ನಾಲ್ಕು ಮಾತಾಡಿ ಮೇಷ್ಟ್ರೇ ಎಂದಾಗ ನಾನು ಗಂಟಲು ಸರಿಯಿಲ್ಲ ಅಂತ ತಪ್ಪಿಸಿಕೊಂಡೆ. ಗಂಟಲು ಸರಿಯಾಗೇ ಇತ್ತು. ಮಾತಾಡುವ ಯೋಗ್ಯತೆ ಇರಲಿಲ್ಲ. ಯಾಕೆ ಅಂತ ಇವತ್ತು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಕುಡಿಯುತ್ತಾ ಓದಿ.

ನಿವೃತ್ತಿಯ ಹಣ ಬಂದಾಗ ಹಿತ್ತಿಲಿನಲ್ಲಿ ಒಂದು ಸಣ್ಣ ಈಜುಕೊಳ ಕಟ್ಟಿಸುತ್ತೇನೆ ಎಂದೆ. ಮಗ ನಕ್ಕ. "ಅಪ್ಪಾ, ಕನ್ನಡ ಮೇಷ್ಟ್ರ ಮನೇಲಿ ಸ್ವಿಮ್ಮಿಂಗ್ ಪೂಲಾ?" ಸಂಬಂಧಿಕರು ಹಿಂದಿನಿಂದ ಏನೇನೋ ಅಂದರು. ನನ್ನ ಹೆಂಡತಿ ಮಾತ್ರ ಏನೂ ಅನ್ನಲಿಲ್ಲ. ಅವಳಿಗೆ ಕಾರಣ ಗೊತ್ತು.

ನಮ್ಮೂರ ಮುಂದೆ ಕಲ್ಲು ಕಟ್ಟಿದ ದೊಡ್ಡ ಬಾವಿಯಿತ್ತು, ಇಳಿಯಲು ಮೆಟ್ಟಿಲು. ಬೇಸಿಗೆ ರಜೆಯಲ್ಲಿ ಮೇಲಿನ ಕೇರಿಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಲ್ಲಿ ಈಜು ಕಲಿಯುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಹುಣಸೆಮರದ ಬುಡದಲ್ಲಿ ನಿಂತು ನೋಡಬೇಕು. ಮರದಿಂದ ಮುಂದಕ್ಕೆ ಬಂದರೆ ಕಲ್ಲು ಬೀಳುತ್ತಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವನಾದ ನಮ್ಮಣ್ಣನಿಗೆ ಈಜಲೇಬೇಕೆಂಬ ಹಟ. ಗುಡ್ಡದಾಚೆ ಕಲ್ಲು ತೆಗೆದು ಬಿಟ್ಟಿದ್ದ ಕ್ವಾರಿಯಲ್ಲಿ ಮಳೆನೀರು ನಿಂತಿತ್ತು. ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಹೇಳಿಕೊಡುವವರೂ ಇಲ್ಲ, ಬೆನ್ನಿಗೆ ಬುರುಡೆಯೂ ಇಲ್ಲ. ಅವನಿಗೆ ಆಗ ಹದಿಮೂರು. ಮಾರನೆಯ ದಿನ ಎತ್ತಿದರು. ಆಮೇಲೆ ನಮ್ಮವ್ವ ಉಳಿದವರನ್ನು ನೀರಿನ ಹತ್ತಿರಕ್ಕೆ ಬಿಡಲಿಲ್ಲ. ಇಷ್ಟು ವಯಸ್ಸಾದರೂ ನನಗೆ ಈಜು ಬರುವುದಿಲ್ಲ. ಮೊಮ್ಮಕ್ಕಳಿಗೆ ಬರಬೇಕು ಅಂತ ಆಸೆ, ಅಷ್ಟೇ.

ನೀರಿಲ್ಲದ ಕಾಲದಲ್ಲಿ ಇದು ಸರಿಯೇ ಎಂದು ಬಳಗದ ಒಬ್ಬರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶ ಮಾಡಿದ್ದು ನಿಮಗೆ ನೆನಪಿರಬಹುದು. ಅದಕ್ಕೇ ನಾನು ತಾರಸಿಯ ಮಳೆನೀರು ಕೊಳಕ್ಕೇ ಬರುವ ಹಾಗೆ ಪೈಪು ಹಾಕಿಸಬೇಕೆಂದುಕೊಂಡೆ. ಫಿಲ್ಟರ್ ಇಟ್ಟು ಶುಚಿಯಾಗಿ ನೋಡಿಕೊಂಡರೆ ಅದೇ ನೀರು ಬಹುಕಾಲ ಬರುತ್ತದೆ, ಆವಿಯಾದಷ್ಟು ತುಂಬಿದರೆ ಸಾಕು.

ಅಳತೆ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಲೆಕ್ಕ ಹಾಕಿದರೆ ಸುಮಾರು 22,600 ಲೀಟರ್. ಯಾರೋ ಪರಿಚಯದವರು ಒಬ್ಬ ಕಂಟ್ರಾಕ್ಟರನ್ನು ತೋರಿಸಿದರು. 7 ಲಕ್ಷ 20 ಸಾವಿರಕ್ಕೆ ಮಾತಾಯಿತು. 3 ಲಕ್ಷ ಮುಂಗಡ. ಅರವತ್ತೇ ದಿನ ಸಾರ್ ಅಂದರು. ಫೆಬ್ರವರಿಯಲ್ಲಿ ಶುರು, ಏಪ್ರಿಲ್ ರಜೆಗೆ ಮಕ್ಕಳು ನೀರಿಗೆ.

ಮೊದಲ ದಿನವೇ ಗುದ್ದಲಿ ಪೂಜೆಗೆ ತೆಂಗಿನಕಾಯಿ, ಊದಿನಕಡ್ಡಿ ಎಲ್ಲ ತಂದಿದ್ದರು. ನಾವು ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡವರು, ಪೂಜೆ ಇಲ್ಲ ಎಂದೆ. ನಾನು, ನನ್ನವಳು ತ್ರಿಶರಣ ಪಂಚಶೀಲ ಹೇಳಿದೆವು. ಆಮೇಲೆ ಕೆಲಸ ನಿಂತಾಗೆಲ್ಲ ಕಂಟ್ರಾಕ್ಟರ್ ಬಾಯಲ್ಲಿ ಒಂದೇ ಮಾತು: "ಅವತ್ತು ಪೂಜೆ ಬೇಡ ಅಂದ್ರಲ್ಲ ಸಾರ್, ಅದಕ್ಕೇ ವಿಘ್ನ." ತೆಂಗಿನಕಾಯಿ ಒಡೆಯದಿದ್ದರೆ ಕಂಬಿ ಲೋಡು ಹೇಗೆ ತಡವಾಗುತ್ತದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಜೆಸಿಬಿ ಒಳಗೆ ಬರಲು ಜಾಗವಿಲ್ಲ ಅಂತ ಹಿಂದಿನ ಕಾಂಪೌಂಡನ್ನು ಹನ್ನೆರಡು ಅಡಿ ಒಡೆದರು. ಫಲ ಬಿಡುತ್ತಿದ್ದ ನುಗ್ಗೆಮರ ಹೋಯಿತು. ಒಂದೇ ದಿನದಲ್ಲಿ ಗುಂಡಿ ತೋಡಿ ಮಣ್ಣನ್ನು ಅಲ್ಲೇ ಗುಡ್ಡೆ ಹಾಕಿ ಹೋದವರು ಹದಿನೆಂಟು ದಿನ ಇತ್ತ ತಲೆ ಹಾಕಲಿಲ್ಲ. ಒಡೆದ ಗೋಡೆಯಿಂದ ಬೀದಿನಾಯಿಗಳು ಬಂದವು, ಯಾರದೋ ಹಸು ಬಂತು, ರಾತ್ರಿ ಎದ್ದು ಟಾರ್ಚು ಹಿಡಿದು ಗುಂಡಿಗೆ ಏನಾದರೂ ಬಿದ್ದಿದೆಯಾ ಅಂತ ನೋಡುವುದು ನನ್ನ ಕೆಲಸವಾಯಿತು. ಫೋನು ಮಾಡಿದರೆ ಕಂಬಿ ರೇಟು ಏರಿದೆ, ಸೆಂಟ್ರಿಂಗ್ ಹುಡುಗರು ಊರಿಗೆ ಹೋಗಿದ್ದಾರೆ, ಅಮಾವಾಸ್ಯೆ ಕಳೀಲಿ, ಹಬ್ಬ ಕಳೀಲಿ. ಆಮೇಲೆ ಫೋನೇ ಎತ್ತಲಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತಿತ್ತು, ಉತ್ತರವಿಲ್ಲ. ತಳದ ಕಾಂಕ್ರೀಟು ಹಾಕಿ ಮತ್ತೆ ಇಪ್ಪತ್ತು ದಿನ ಮಾಯ. ಒಣಗಿದ ಕಾಂಕ್ರೀಟಿನ ಮೇಲೆ ಗೋಡೆ ಎಬ್ಬಿಸಿದರೆ ಎರಡೂ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಆ ಗೆರೆಯಲ್ಲೇ ನೀರು ಜಿನುಗುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಗೊತ್ತಿರಬೇಕಾದವರಿಗೆ ಮೊದಲೇ ಗೊತ್ತಿತ್ತು. ಏಪ್ರಿಲಿನಲ್ಲಿ ಮೊದಲ ಮಳೆ ಬಿತ್ತು. ಟೈಲ್ಸಿಲ್ಲದ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ನಿಂತು ಸೊಳ್ಳೆಮರಿ ಕುಣಿಯತೊಡಗಿತು. ಡೆಂಗಿ ತರುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲೇ. ಪಕ್ಕದ ಮನೆಯವರು ಬಂದು ಕೇಳಿದರು. ನ್ಯಾಯವಾಗೇ ಕೇಳಿದರು.

ದಿನಾ ಬೆಳಿಗ್ಗೆ ಐದೂವರೆಗೆ ನಾನು ಧ್ಯಾನಕ್ಕೆ ಕೂರುವುದು. ಆ ದಿನಗಳಲ್ಲಿ ಉಸಿರು ಒಳಗೆ ಹೋಗುವಾಗ ಕಂಟ್ರಾಕ್ಟರು, ಹೊರಗೆ ಬರುವಾಗ ಮೂರು ಲಕ್ಷ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು, "ಆನಾಪಾನಸತಿ ಆಯ್ತಾ? ಇನ್ನು ಕಂಟ್ರಾಕ್ಟರ್‌ಸತಿ ಶುರು ಮಾಡಿ."

ಆದರೂ ಒಂದು ವಿಷಯದಲ್ಲಿ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಇಷ್ಟೆಲ್ಲ ಆದರೂ ನಾನು ಕಂಟ್ರಾಕ್ಟರಿಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. "ದಯವಿಟ್ಟು ನಾಳೆಯಾದರೂ ಬನ್ನಿ, ಕಾಯುತ್ತಿರುತ್ತೇನೆ, ಧನ್ಯವಾದಗಳು" ಅಂತಲೇ ಮೆಸೇಜು. ಮುಖಾಮುಖಿ ಸಿಕ್ಕಾಗಲೂ ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ. ಇಷ್ಟು ವರ್ಷ ಧಮ್ಮ ಓದಿದ್ದಕ್ಕೆ ಇಷ್ಟಾದರೂ ಮೆತ್ತಾ ಬಂತಲ್ಲ ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಗಾರೆ ಕೆಲಸಕ್ಕೆ ರಾಯಚೂರು ಕಡೆಯ ಒಂದು ಸಂಸಾರವನ್ನು ತಂದು ಬಿಟ್ಟರು. ಗಂಡ ಗಾರೆ ಮೇಸ್ತ್ರಿ, ಹೆಂಡತಿ ಸಿಮೆಂಟು ಕಲಸಿ ಬಾಂಡಲಿ ಹೊರುವವಳು, ಏಳೆಂಟು ವರ್ಷದ ಒಂದು ಹೆಣ್ಣುಮಗು. ಒಡೆದ ಗೋಡೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡರು. ಕಂಟ್ರಾಕ್ಟರ್ ಬರದಿದ್ದರೂ ಅವರು ಕೆಲಸ ಮಾಡುತ್ತಿದ್ದರು. ಸಿಮೆಂಟು ಮುಗಿದರೆ ಕೂರುತ್ತಿದ್ದರು. ಕೂತಿದ್ದು ಕಂಡರೆ ನಾನು ಹೋಗುತ್ತಿದ್ದೆ. "ಏನಯ್ಯಾ, ಸುಮ್ನೆ ಕೂತಿದ್ದೀಯಾ? ಎಲ್ಲಿ ಸತ್ತ ನಿನ್ನ ಕಂಟ್ರಾಕ್ಟ್ರು?" ಆ ಮೇಸ್ತ್ರಿ ಎದ್ದು ನಿಂತು, "ಫೋನ್ ಹಚ್ಚೀನ್ರಿ ಸಾಹೇಬ್ರ, ಎತ್ತವಲ್ರು" ಅನ್ನುತ್ತಿದ್ದ. ಅವನಿಗೂ ನಲವತ್ತು ದಾಟಿರಬೇಕು.

ಮೂವತ್ತು ವರ್ಷ ಮಕ್ಕಳಿಗೆ ಏಕವಚನ, ಬಹುವಚನ, ಗೌರವಾರ್ಥ ಬಹುವಚನ ಅಂತ ವ್ಯಾಕರಣ ಹೇಳಿದ ಮೇಷ್ಟ್ರು ನಾನು. ನನ್ನ ಹಣ ತಿಂದವರಿಗೆ ಬಹುವಚನ, ನನ್ನ ಮನೆಗೆ ಗಾರೆ ಮಾಡುವವನಿಗೆ ಏಕವಚನ ಕೊಡುತ್ತಿದ್ದೇನೆ ಅನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ. ನಮ್ಮೂರಲ್ಲಿ ಯಜಮಾನರ ಮನೆಯ ಎಂಟು ವರ್ಷದ ಹುಡುಗ ತಲೆ ನೆರೆತ ನಮ್ಮಪ್ಪನನ್ನು "ಬಾರ್ಲಾ, ಹೋಗ್ಲಾ" ಎನ್ನುತ್ತಿದ್ದುದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಪ್ಲಾಸ್ಟರು ಮುಗಿದ ಮೇಲೆ ಸೋರುತ್ತದಾ ಅಂತ ನೋಡಲು ಏಳು ದಿನ ನೀರು ತುಂಬಿಸಿಡಬೇಕಂತೆ. ನಾಲ್ಕು ಟ್ಯಾಂಕರ್ ಬೋರ್‌ವೆಲ್ ನೀರು ಹಾಕಿಸಿದೆ. ಗೋಡೆಗೆ ಸೀಸದಕಡ್ಡಿಯಲ್ಲಿ ಗುರುತು ಹಾಕಿದೆ. ಬಿಸಿಲಿಗೆ ಆವಿಯಾದರೂ ದಿನಕ್ಕೆ ಕಾಲಿಂಚು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ ಇಳಿಯಬೇಕು. ಎರಡಿಂಚು ಇಳಿಯಿತು. ಮಾರನೆಯ ದಿನ ಮತ್ತೆರಡು. ಆ ಕಾಂಕ್ರೀಟಿನ ಗೆರೆ! ಮೂರನೆಯ ದಿನ ಹನ್ನೊಂದು ಗಂಟೆಗೆ ಬರುತ್ತೇನೆ ಎಂದಿದ್ದ ಕಂಟ್ರಾಕ್ಟರಿಗಾಗಿ ಮಧ್ಯಾಹ್ನ ಎರಡರವರೆಗೆ ಕಾದೆ. ಇಪ್ಪತ್ತು ಸಲ ಫೋನು ಮಾಡಿದೆ. ಕಡೆಗೆ ಸ್ವಿಚ್ ಆಫ್.

ಹಿತ್ತಿಲಿಗೆ ಬಂದೆ. ಆ ಮಗು ಕೊಳದ ಅಂಚಿನಲ್ಲಿ ಕೂತು, ಎರಡೂ ಕಾಲು ನೀರಿಗೆ ಇಳಿಬಿಟ್ಟು, ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಾ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿತ್ತು.

"ಏಯ್! ಏಳೇ ಮೇಲೆ! ನೀರು ಮುಟ್ಟಬೇಡ!"

ಬೀದಿಗೆ ಕೇಳುವಷ್ಟು ಕೂಗಿದ್ದೆ. ಮಗುವಿನ ಕೈಯಿಂದ ಲೋಟ ಜಾರಿ ನೀರಿಗೆ ಬಿತ್ತು. ಶೆಡ್ಡಿನಿಂದ ಅವಳ ತಾಯಿ ಓಡಿಬಂದು ರಟ್ಟೆ ಹಿಡಿದು ಎಳೆದು ಬೆನ್ನಿಗೆ ಎರಡು ಬಾರಿಸಿದಳು. ಕೈ ಮುಗಿದಳು. "ತಪ್ಪಾತ್ರಿ ಸಾಹೇಬ್ರ, ಇನ್ನ ಮುಟ್ಟಂಗಿಲ್ರಿ."

ನಾನು ಒಳಗೆ ಬಂದೆ. ಮಗು ಬಿದ್ದುಬಿಟ್ಟರೆ ಅಂತ ಭಯವಾಗಿ ಕೂಗಿದೆ ಎಂದು ಹೆಂಡತಿಗೆ ಹೇಳಿದೆ. ಪೂರ್ತಿ ಸುಳ್ಳೂ ಅಲ್ಲ, ನಮ್ಮಣ್ಣ ನನ್ನ ತಲೆಯಿಂದ ಯಾವತ್ತೂ ಹೋಗುವುದಿಲ್ಲ. ಅವಳು ಬೀನ್ಸ್ ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಬೀಳ್ತೀಯ ಅನ್ನಲಿಲ್ವಲ್ಲ ನೀವು. ಮುಟ್ಟಬೇಡ ಅಂದ್ರಿ."

ನಮ್ಮ ಹಾಲಿನಲ್ಲಿ, ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿರುವ ಹಾಗೆ, ಬಾಬಾಸಾಹೇಬರು ಚವದಾರ್ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿಯುವ ಚಿತ್ರವಿದೆ. ಅವತ್ತು ಸಂಜೆವರೆಗೆ ನಾನು ಹಾಲಿನಲ್ಲಿ ಕೂರಲಿಲ್ಲ. ಮಹಾಡ್‌ನಲ್ಲಿ 1927ರ ಮಾರ್ಚ್ 20ರಂದು ನಮ್ಮ ಜನ ನೀರು ಮುಟ್ಟಿದ ಮೇಲೆ ಅಲ್ಲಿನ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ ಕೊಡಗಳನ್ನು ಸುರಿದು ಕೆರೆಯನ್ನು ಶುದ್ಧ ಮಾಡಿದರು ಅಂತ ನಾನೇ ಪ್ರತಿ ವರ್ಷ ಬಳಗದಲ್ಲಿ ಭಾಷಣ ಮಾಡುವವನು. ಆ ಸಂಸಾರದ ಜಾತಿ ಯಾವುದೋ ನಾನು ಕೇಳಿಲ್ಲ. ನಮ್ಮವರೇ ಇರಬಹುದು, ಇಲ್ಲದೆಯೂ ಇರಬಹುದು. ಆ ಮಗುವಿಗೆ ಅದರಿಂದ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ.

ರಾತ್ರಿ ಮಜ್ಝಿಮ ನಿಕಾಯ ತೆಗೆದೆ. ಇಪ್ಪತ್ತೊಂದನೆಯ ಸುತ್ತ, ಕಕಚೂಪಮ. ಗರಗಸದ ಉಪಮೆ ಅದರಲ್ಲಿ ಪ್ರಸಿದ್ಧ, ನಾವೆಲ್ಲ ಅದನ್ನೇ ಹೇಳುತ್ತೇವೆ. ಅದಕ್ಕೂ ಮೊದಲು ಬರುವ ಒಂದು ಕಥೆಯನ್ನು ಬೇಗ ದಾಟಿಬಿಡುತ್ತೇವೆ. ಶ್ರಾವಸ್ತಿಯಲ್ಲಿ ವೇದೇಹಿಕಾ ಅಂತ ಒಬ್ಬ ಮನೆಯೊಡತಿ. ಊರಿಗೆಲ್ಲ ಅವಳು ಸೌಮ್ಯೆ, ಶಾಂತೆ ಅಂತ ಹೆಸರು. ಅವಳ ಮನೆಯಲ್ಲಿ ಕಾಳಿ ಎಂಬ ದಾಸಿ. ಬಲು ಚುರುಕು, ಕೆಲಸದಲ್ಲಿ ಒಂದು ಕೊರತೆಯಿಲ್ಲ. ಈ ಕಾಳಿಗೆ ಒಂದು ಯೋಚನೆ ಬರುತ್ತದೆ: ನಮ್ಮಮ್ಮಾವ್ರಿಗೆ ನಿಜವಾಗಿಯೂ ಸಿಟ್ಟೇ ಇಲ್ಲವಾ, ಅಥವಾ ನಾನು ಕೆಲಸ ಅಚ್ಚುಕಟ್ಟಾಗಿ ಮಾಡುವುದರಿಂದ ಸಿಟ್ಟು ಹೊರಗೆ ಬರುವ ಸಂದರ್ಭ ಬಂದಿಲ್ಲವಾ? ನೋಡೇಬಿಡೋಣ ಅಂತ ಒಂದು ದಿನ ತಡವಾಗಿ ಎದ್ದಳು. ಒಡತಿ ಮುಖ ಗಂಟಿಕ್ಕಿದಳು. ಮಾರನೆಯ ದಿನ ಇನ್ನೂ ತಡ. ಬೈಗುಳ ಬಂತು. ಮೂರನೆಯ ದಿನ ಇನ್ನೂ ತಡ. ವೇದೇಹಿಕಾ ಬಾಗಿಲಿನ ಅಗುಳಿ ಕಿತ್ತು ಕಾಳಿಯ ತಲೆಗೆ ಹೊಡೆದಳು. ರಕ್ತ ಸುರಿಯುವ ತಲೆಯನ್ನು ಕಾಳಿ ಅಕ್ಕಪಕ್ಕದವರಿಗೆ ತೋರಿಸಿದಳು, ನೋಡಿ ನಿಮ್ಮ ಸೌಮ್ಯೆಯ ಕೆಲಸ ಅಂತ.

ಕಾಳಿಯ ಧೈರ್ಯಕ್ಕೆ ನಾನು ಬೆರಗಾದೆ. ದಾಸಿಯೊಬ್ಬಳು ಒಡತಿಯನ್ನು ಪರೀಕ್ಷೆ ಮಾಡುತ್ತಾಳೆ, ತಲೆ ಒಡೆಸಿಕೊಂಡು ಫಲಿತಾಂಶವನ್ನು ಬೀದಿಗೆ ತರುತ್ತಾಳೆ. ಬುದ್ಧರು ಜೇತವನದಲ್ಲಿ ಭಿಕ್ಷುಗಳಿಗೆ ಈ ಕಥೆ ಹೇಳಿ, ಅಹಿತವಾದ ಮಾತು ಕಿವಿಗೆ ಬೀಳುವವರೆಗೆ ಎಲ್ಲರೂ ಸೌಮ್ಯರೇ ಎಂಬ ಅರ್ಥದಲ್ಲಿ ಮಾತಾಡುತ್ತಾರೆ. ಆಮೇಲೆ ಇನ್ನೊಂದು ಮಾತಿದೆ, ನನ್ನನ್ನು ಚುಚ್ಚಿದ್ದು ಅದು. ಚೀವರ, ಭಿಕ್ಷಾನ್ನ, ಔಷಧ ಸಿಗುತ್ತದೆ ಎಂಬ ಕಾರಣಕ್ಕೆ ವಿಧೇಯನಾಗಿರುವ ಭಿಕ್ಷುವನ್ನು ತಾನು ವಿಧೇಯ ಅನ್ನುವುದಿಲ್ಲ ಎನ್ನುತ್ತಾರೆ. ಕಂಟ್ರಾಕ್ಟರಿಗೆ ನಾನು ಕಳಿಸಿದ ಧನ್ಯವಾದಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅದು ಖಂತಿಯಾಗಿರಲಿಲ್ಲ. ಮೂರು ಲಕ್ಷದ ಭಯ. ಬೈದರೆ ಕೆಲಸ ಬಿಟ್ಟು ಹೋಗುತ್ತಾರೆ ಅಂತ ಹಲ್ಲು ಕಚ್ಚಿಕೊಂಡಿದ್ದೆ. ಕಚ್ಚಿಕೊಂಡದ್ದು ಎಲ್ಲಿಗೋ ಹರಿಯಲೇಬೇಕಲ್ಲ. ತಿರುಗಿ ಮಾತಾಡಲಾಗದ ಕಡೆಗೆ ಹರಿಯಿತು.

ಹಾಗಂತ ಕಂಟ್ರಾಕ್ಟರನ್ನು ಕ್ಷಮಿಸಿ ಸುಮ್ಮನಿರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಬಳಗದ ಕೆಲವು ಹಿರಿಯರು ಖಂತಿ ಅಂದರೆ ನುಂಗಿಕೊಳ್ಳುವುದು ಎಂಬಂತೆ ಮಾತಾಡುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಚವದಾರ್ ಕೆರೆಯ ಪ್ರಕರಣ ಕೋರ್ಟಿಗೆ ಹೋಗಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಪಾದದ್ದು 1937ರಲ್ಲಿ. ಹತ್ತು ವರ್ಷ. ಬಾಬಾಸಾಹೇಬರು ಅಷ್ಟು ಕಾಲ ಬಿಡಲಿಲ್ಲ. ಆ ಸಿಟ್ಟನ್ನು ಕೆಳಗಿನವರ ಮೇಲೆ ಇಳಿಸಲೂ ಇಲ್ಲ. ಯಾರಿಗೆ ಹೇಳಬೇಕೋ ಅವರಿಗೇ ಹೇಳುವ ಕಷ್ಟವನ್ನು ನಾನು ನಾಲ್ಕು ತಿಂಗಳು ತಪ್ಪಿಸಿಕೊಂಡಿದ್ದೆ.

ಮಾರನೆಯ ದಿನ ಸಂಜೆ ಶೆಡ್ಡಿಗೆ ಹೋದೆ. ನಾನು ಬರುವುದು ಕಂಡು ಮೇಸ್ತ್ರಿಯವರು ಎದ್ದು ನಿಂತರು, ಹೆಂಡತಿ ಮಗುವನ್ನು ಸೆರಗಿನ ಹಿಂದೆ ಎಳೆದುಕೊಂಡರು. ಕೆಲಸದಿಂದ ಬಿಡಿಸಲು ಬಂದೆ ಅಂದುಕೊಂಡಿದ್ದರು. ನಿನ್ನೆ ನಾನು ಹಾಗೆ ಕೂಗಬಾರದಿತ್ತು, ತಪ್ಪಾಯಿತು ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಇರ್ಲಿ ಬಿಡ್ರಿ ಸಾಹೇಬ್ರ, ಕೂಸು ಚೇಷ್ಟಿ ಮಾಡ್ತೈತಿ" ಅಂದರು. ನಾನು ಇನ್ನೂ ಏನೋ ಹೇಳಲು ಹೋದೆ, ಸರಿಯಾಗಿ ಬರಲಿಲ್ಲ. ಭಾಷಣ ಮಾಡಿ ಅಭ್ಯಾಸವಿರುವವರಿಗೆ ಇಂಥ ನಾಲ್ಕು ಮಾತು ಬಹಳ ಕಷ್ಟ ಸ್ವಾಮಿ. ಮಗು ಕೊನೆಯವರೆಗೂ ನನ್ನ ಕಡೆ ನೋಡಲಿಲ್ಲ.

ಅಲ್ಲಿ ಕೂತು ಮಾತಾಡುವಾಗ ಗೊತ್ತಾದದ್ದು, ಅವರ ಕೂಲಿ 31,000 ರೂಪಾಯಿ ಬಾಕಿಯಿದೆ. ವಾರಕ್ಕೆ ಖರ್ಚಿಗೆ ಅಂತ ಚಿಲ್ಲರೆ ಕೊಟ್ಟು ಕಂಟ್ರಾಕ್ಟರ್ ಕೈ ತೊಳೆದುಕೊಂಡಿದ್ದಾರೆ. ನನಗೆ ಮೋಸ ಮಾಡಿದವರೇ ಅವರಿಗೂ ಮಾಡಿದ್ದರು, ನನಗಿಂತ ಹೆಚ್ಚಾಗಿ. ನನ್ನದು ಉಳಿತಾಯದ ಹಣ, ಅವರದು ಆ ವಾರದ ಜೋಳ. ಇಷ್ಟು ದಿನ "ಎಲ್ಲಿ ನಿನ್ನ ಕಂಟ್ರಾಕ್ಟ್ರು" ಅಂತ ನಾನು ಕೇಳುತ್ತಿದ್ದ ಪ್ರಶ್ನೆಯನ್ನು ಅವರೂ ಕೇಳಿಕೊಳ್ಳುತ್ತಿದ್ದರು. ಸಿಗಾಲೋವಾದ ಸುತ್ತದಲ್ಲಿ ಕೆಲಸ ಮಾಡಿಸುವವರು ಕೆಲಸದವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಇದೆಯಲ್ಲ: ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ರುಚಿಯಾದದ್ದು ಇದ್ದಾಗ ಹಂಚಿಕೊಳ್ಳುವುದು, ಆಗಾಗ ಬಿಡುವು. ನಾನು ಅದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅವರು ಕಂಟ್ರಾಕ್ಟರಿನ ಆಳುಗಳು, ನನ್ನವರಲ್ಲ ಅಂತ ನನಗೇ ನಾನು ಒಂದು ವಿನಾಯಿತಿ ಕೊಟ್ಟುಕೊಂಡಿದ್ದೆ.

ಕಂಟ್ರಾಕ್ಟರಿಗೆ ಬರೆದು ಕಳಿಸಿದೆ. ಕೊಡಬೇಕಿದ್ದ ಬಾಕಿಯಲ್ಲಿ ಇವರ ಕೂಲಿಯನ್ನು ನಾನೇ ನೇರವಾಗಿ ಕೊಡುತ್ತೇನೆ, ಸೋರುವುದನ್ನು ಇಷ್ಟು ದಿನದೊಳಗೆ ಸರಿಮಾಡಿ, ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಈ ಸಲವೂ ಬಹುವಚನವೇ, ಧನ್ಯವಾದಗಳು ಮಾತ್ರ ಬಿಟ್ಟೆ. ಹತ್ತೇ ನಿಮಿಷಕ್ಕೆ ಫೋನು ಬಂತು! ಕೂಗಾಡಿದರು, ನನ್ನ ಕೆಲಸದವರನ್ನು ಕೆಡಿಸುತ್ತೀರಿ ಎಂದರು, ಕೆಲಸ ಬಿಟ್ಟರು. ಬಳಗದ ವಕೀಲರೊಬ್ಬರು ನೋಟಿಸು ಕಳಿಸಿಕೊಟ್ಟಿದ್ದಾರೆ, ಅದು ನಡೆಯುತ್ತಿದೆ.

ಗೆರೆ ಬಿಟ್ಟ ಜಾಗವನ್ನು ಕೊರೆದು, ವಾಟರ್‌ಪ್ರೂಫಿಂಗ್ ತುಂಬಿ, ಮೇಲೆ ಮತ್ತೆ ಗಾರೆ ಮಾಡಿಕೊಟ್ಟವರು ಆ ಮೇಸ್ತ್ರಿಯವರೇ. ಸೋರುವುದು ನಿಂತಿತು. ಟೈಲ್ಸ್ ಹಾಕುವ ಹೊತ್ತಿಗೆ ಅವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೊರಟರು. ಕೊಳ ತುಂಬಿ ಮಕ್ಕಳು ಇಳಿಯುವಾಗ ಆ ಮಗು ಇರಬೇಕೆಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಆಗಲಿಲ್ಲ. ಹೋಗುವ ದಿನ ನನ್ನ ಹೆಂಡತಿ ಮಗುವಿಗೆ ಒಂದು ಹೊಸ ಲಂಗ ಕೊಟ್ಟಳು. ನೀರಿಗೆ ಬಿದ್ದಿದ್ದ ಆ ಪ್ಲಾಸ್ಟಿಕ್ ಲೋಟ ಈಗಲೂ ನಮ್ಮ ಹಿತ್ತಿಲ ಕಟ್ಟೆಯ ಮೇಲಿದೆ. ಕೊಡಲು ಮರೆತೆವು. ಮೊನ್ನೆ ಫೋನು ಮಾಡಿದ್ದೆ. "ದಸರಾಕ್ಕ ಆ ಕಡಿ ಬಂದ್ರ ಬರ್ತೀವ್ರಿ ಸಾಹೇಬ್ರ" ಅಂದರು ಆಕೆ. ಸಾಹೇಬ್ರ ಅನ್ನಬೇಡಿ, ಅಣ್ಣ ಅನ್ನಿ ಎಂದೆ. ನಕ್ಕರು.

ಕೊನೆಗೆ ಒಂದು ಸೂಚನೆ. ಬರುವ ಭಾನುವಾರದಿಂದ ಬಳಗದ ಅಧ್ಯಯನ ನಮ್ಮ ಮನೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಕಕಚೂಪಮ ಸುತ್ತವನ್ನೇ ಮೊದಲಿನಿಂದ ಓದೋಣ, ಕಾಳಿಯ ಭಾಗವನ್ನು ದಾಟಿಸದೆ. ಅದಕ್ಕೂ ಮೊದಲು ಏಳೂವರೆಯಿಂದ ಒಂಬತ್ತರವರೆಗೆ ಮಕ್ಕಳಿಗೆ ಈಜು. ಕಲಿಸುವ ಹುಡುಗ ಒಬ್ಬರು ಸಿಕ್ಕಿದ್ದಾರೆ, ಫೀಸು ಬೇಡ ಅಂದಿದ್ದಾರೆ, ತಿಂಡಿ ನಮ್ಮಲ್ಲೇ. ಬಳಗದ ಮಕ್ಕಳು ಮಾತ್ರ ಅಂತಿಲ್ಲ. ನಿಮ್ಮ ಬೀದಿಯ ಮಕ್ಕಳು, ಪಕ್ಕದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಇದ್ದರೂ ಕರೆದುಕೊಂಡು ಬನ್ನಿ. ಒಂದು ಟವೆಲ್ಲು, ಒಂದು ಜೊತೆ ಬಟ್ಟೆ ಇರಲಿ. ಮಕ್ಕಳ ಜೊತೆ ದೊಡ್ಡವರೊಬ್ಬರು ಕಡ್ಡಾಯವಾಗಿ ಕೊಳದ ಹತ್ತಿರವೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ದೊಡ್ಡವರಲ್ಲಿ ಈಜು ಬಾರದವರು ನನ್ನ ಜೊತೆ ಕಂಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಲ್ಲಬಹುದು. ನಾನು ಎರಡನೆಯ ಮೆಟ್ಟಿಲವರೆಗೆ ಬಂದಿದ್ದೇನೆ.

ನಮೋ ಬುದ್ಧಾಯ, ಜೈಭೀಮ್.